ದನಿ ಹೋದ ಮೇಲಿನ ಮಾತುಗಳು

ಮಾರ್ಚ್ 4, ಸೋಮವಾರ

ಮನೆಗೆ ಬಂದೆ. ಗುಡ್ಡದ ಮೇಲಿನ ಈ ಮನೆಯ ಮೆಟ್ಟಿಲುಗಳನ್ನು ಮದುವೆಯಾದಾಗಿನಿಂದ ಹತ್ತಿ ಇಳಿದಿದ್ದೇನೆ. ಇವತ್ತು ನಡುನಡುವೆ ಕೂತು ಕೂತು ಹತ್ತಿದೆ. ಕೂತಿದ್ದಾಗ ಕೆಳಮನೆಯ ಹೆಂಗಸು ಹೊರಗೆ ಬಂದು ಹೇಗಿದ್ದೀರಿ ಎಂದು ಕೇಳಿದಳು. ಅಭ್ಯಾಸಬಲ, ಬಾಯಿ ತೆರೆದೆ. ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಆಕೆ ಕಣ್ಣು ಬೇರೆ ಕಡೆ ಹೊರಳಿಸಿದಳು. ಜತೆಗಿದ್ದ ನನ್ನ ಗಂಡ, ನಮ್ಮ ಮುದುಕ, ನನ್ನ ಬದಲು "ಚೆನ್ನಾಗಿದಾಳೆ" ಅಂದ. ಈ ವಾರವೆಲ್ಲ ಅವನು ಆಡಿದ್ದರಲ್ಲಿ ಅದೇ ಉದ್ದದ ಮಾತು.

ಆಸ್ಪತ್ರೆಯಲ್ಲಿ ರೋಗಿಗಳಿಗೆ ಧೈರ್ಯ ಹೇಳಲೆಂದೇ ಒಬ್ಬ ಹುಡುಗಿ ಇದ್ದಾಳೆ. ಈ ಪುಸ್ತಕ ಅವಳು ಕೊಟ್ಟದ್ದು. ಹೇಳಬೇಕೆನಿಸಿದ್ದನ್ನೆಲ್ಲ ಬರೆಯಿರಿ, ಏನೂ ತೋಚದಿದ್ದರೆ ನೀವು ಯಾರು ಅನ್ನುವುದರಿಂದ ಶುರು ಮಾಡಿ ಅಂದಿದ್ದಳು. ಸರಿ. ನಾನು ತಾಕ್ ಮಾಲ್‌ಸುನ್. ಅರವತ್ತೆರಡು. ಹಳ್ಳಿ ಬಿಟ್ಟು ಈ ಬಂದರು ನಗರ ಬೂಸಾನಿಗೆ ಬಂದು, ಬಸ್ಸಿನ ಬಾಗಿಲಲ್ಲಿ ನಿಂತು, ಊರಿನ ಹೆಸರು ಕೂಗಿ ಕೂಗಿ ಅನ್ನ ಸಂಪಾದಿಸಿದವಳು. ಹೋದ ತಿಂಗಳು ಗಂಟಲಿನ ಕ್ಯಾನ್ಸರ್ ಅಂತ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಮೂಗು ಇರುವುದು ಅಂದಕ್ಕೆ, ಉಸಿರಾಟವೆಲ್ಲ ಕುತ್ತಿಗೆಯ ತೂತಿನಲ್ಲಿ.

ಮುದುಕ ಅದೇ ಬಸ್ಸಿನ ಡ್ರೈವರ್ ಆಗಿದ್ದ. ನಲವತ್ತು ವರ್ಷಕ್ಕೂ ಹೆಚ್ಚು ಸಿಗರೇಟು ಸೇದಿದ. ಬಸ್ಸಿನಲ್ಲಿ ಸೇದಿದ, ಮನೆಯಲ್ಲಿ ಸೇದಿದ, ಮಗಳ ತೊಟ್ಟಿಲ ಪಕ್ಕ ಕೂತೂ ಸೇದಿದ. ನಾನು ಒಂದು ದಿನ ಬಾಯಿಗಿಟ್ಟವಳಲ್ಲ. ಗಂಟಲು ಹೋದದ್ದು ನನ್ನದು.

ಇದನ್ನು ಅವನಿಗೆ ಹೇಳಿಲ್ಲ. ದನಿ ಇದ್ದಾಗಲೂ ಹೇಳಲಿಲ್ಲ.

ಮಾರ್ಚ್ 9, ಶನಿವಾರ

ಬಿಸಿ ಸಾರನ್ನು ಊದಿ ಆರಿಸಲಿಕ್ಕಾಗುವುದಿಲ್ಲ ಎಂದು ಇವತ್ತು ಗೊತ್ತಾಯಿತು. ತುಟಿ ಚೂಪು ಮಾಡಿ ಊದಿದೆ, ಗಾಳಿ ಕುತ್ತಿಗೆಯಲ್ಲಿ ಹೊರಟು ಎದೆಯ ಮೇಲಿನ ಬಟ್ಟೆ ಹಾರಿಸಿತು. ಮುದುಕ ನೋಡಿದ. ಎದ್ದು ಹೋಗಿ ಬೇಸಿಗೆಯ ಬೀಸಣಿಗೆ ಹುಡುಕಿ ತಂದು ನನ್ನ ಬಟ್ಟಲಿಗೆ ಬೀಸತೊಡಗಿದ. ಮಾತಿಲ್ಲ, ಬರೇ ಬೀಸುವುದು. ನಾನು ಚಮಚ ಕೆಳಗಿಟ್ಟು ಎದ್ದೆ.

ವಾಸನೆಯೂ ಹೋಗಿದೆ. ಮೂಗಿಗೆ ಗಾಳಿ ಹೋದರೆ ತಾನೇ ವಾಸನೆ. ಸಿಗರೇಟು ಬಿಟ್ಟಿದ್ದೇನೆ ಅನ್ನುತ್ತಾನೆ. ಬಿಟ್ಟಿದ್ದಾನೋ ಇಲ್ಲವೋ ನನಗೆ ತಿಳಿಯುವುದು ಹೇಗೆ?

ಬಚ್ಚಲ ಕನ್ನಡಿಗೆ ಟವೆಲು ಹೊದಿಸಿದ್ದೇನೆ.

ಮಾರ್ಚ್ 21, ಗುರುವಾರ

ಏಳಲಿಲ್ಲ. ಎದ್ದು ಮಾಡುವುದೇನು.

ಏಪ್ರಿಲ್ 2, ಮಂಗಳವಾರ

ರಸ್ತೆಯ ಚೆರ್ರಿ ಮರಗಳೆಲ್ಲ ಹೂಬಿಟ್ಟಿವೆ. ಪ್ರತಿ ವರ್ಷ ಹೂವಿನ ಕಾಲಕ್ಕೆ ನಾವು ಹಳೆಯ ಬಸ್ಸಿನ ಹುಡುಗಿಯರು ಒಂದು ಕಡೆ ಸೇರುತ್ತೇವೆ. ಹುಡುಗಿಯರು ಅನ್ನುವುದು ಬಾಯಿಮಾತಿಗೆ, ಎಲ್ಲರಿಗೂ ಮಂಡಿನೋವು. ಒಕ್‌ಜಾ ಬೆಳಗಿನಿಂದ ಫೋನು ಮಾಡುತ್ತಲೇ ಇದ್ದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವಳಿಗೆ ನನ್ನ ಕಾಯಿಲೆಯ ಸುದ್ದಿಯೇ ಗೊತ್ತಿಲ್ಲ.

ಬಸ್ ಕಂಪನಿಯ ವಸತಿಯಲ್ಲಿ ನಾನೂ ಅವಳೂ ಒಂದೇ ಹಾಸಿಗೆ. ಅವಳು ಬೆಳಗಿನ ಪಾಳಿ ಮುಗಿಸಿ ಬಂದು ನನ್ನ ಮೈಬಿಸಿ ಇನ್ನೂ ಆರದ ಜಾಗದಲ್ಲಿ ಮಲಗುವಳು. ಚಳಿಗಾಲದಲ್ಲಿ ಗಂಟಲು ಒಡೆದರೆ ಬಾರ್ಲಿ ನೀರಿಗೆ ಹಸಿಮೊಟ್ಟೆ ಒಡೆದು ಕುಡಿಯುತ್ತಿದ್ದೆವು. ಮೊಟ್ಟೆ ಒಂದೇ ಇದ್ದರೆ, ನಾಳೆ ಯಾರ ಬಸ್ಸಿಗೆ ಸಂತೆಯ ಜನ ಹೆಚ್ಚೋ ಅವಳಿಗೆ. ಜನರನ್ನು ಒಳಗೆ ನೂಕಿ, ಬಾಗಿಲಿಗೆ ಜೋತುಬಿದ್ದು, "ಓರಾಯ್!" (ನಮ್ಮ ಬಾಯಲ್ಲಿ ಆಲ್‌ರೈಟ್ ಹಾಗಾಗಿತ್ತು) ಎಂದು ಕೂಗಿ, ಬಸ್ಸಿನ ಮೈಗೆ ಎರಡು ಬಡಿದರೆ ಬಸ್ಸು ಹೊರಡುತ್ತಿತ್ತು. ನನ್ನ ಕೂಗು ಬಂದರಿನವರೆಗೆ ಕೇಳಿಸುತ್ತದೆ ಎಂದು ಮೀನು ಮಾರುವ ಹೆಂಗಸರು ನಗುತ್ತಿದ್ದರು.

ಸಂಜೆ ಸೇತುವೆಯ ಮೇಲೆ ಹೋಗಿ ನಿಂತೆ. ಬಹಳ ಹೊತ್ತು ನಿಂತೆ. ಕೆಳಗೆ ನೀರು ಕಪ್ಪಗಿತ್ತು. ಏನು ಯೋಚಿಸುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯಬಾರದೆಂದಿದ್ದೆ. ಬರೆಯುತ್ತೇನೆ: ಬಿದ್ದರೆ ಕೂಗಲಿಕ್ಕೂ ಆಗುವುದಿಲ್ಲ, ಅಷ್ಟರಮಟ್ಟಿಗೆ ಯಾರಿಗೂ ತೊಂದರೆಯಿಲ್ಲ ಅಂದುಕೊಂಡೆ. ತಿರುಗಿ ನೋಡಿದರೆ, ದೀಪದ ಕಂಬದ ಹಿಂದೆ ಮುದುಕ. ಮನೆಯಿಂದಲೂ ಹಿಂಬಾಲಿಸಿದ್ದಾನೆ, ಚಪ್ಪಲಿ ಕೂಡ ಅದಲುಬದಲು. ಕಳ್ಳನನ್ನು ಕಾಯುವ ಹಾಗೆ ಕಾಯುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ದಡದಡ ಮನೆಗೆ ನಡೆದುಬಂದೆ.

ಏಪ್ರಿಲ್ 3, ಬುಧವಾರ

ನಿನ್ನೆಯದನ್ನು ಪುಸ್ತಕದ ಹುಡುಗಿಗೆ ತೋರಿಸಿದೆ. ಆಕೆ ಹೆದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಡಾಕ್ಟರನ್ನು ಕರೆಸಿದಳು. ಮನಸ್ಸಿಗೆಂದು ಒಂದು ಮಾತ್ರೆ ಬರೆದುಕೊಟ್ಟರು. ಮಂಗಳವಾರಗಳಂದು ನನ್ನಂಥವರು ಸೇರಿ ಮಾತು ಕಲಿಯುವ ಕೂಟವೊಂದಿದೆಯಂತೆ, ಹೋಗಿ ಅಂದಳು. ತಲೆಯಾಡಿಸಿದೆ. ಹೋಗುವುದಿಲ್ಲ.

ಏಪ್ರಿಲ್ 16, ಮಂಗಳವಾರ

ಹೋದೆ. ಮುದುಕ ಬಸ್ ಸ್ಟಾಪಿನವರೆಗೆ ಬಂದು ಹತ್ತಿಸಿ ನಿಂತ, ನಾನು ಇಳಿದುಬಿಡದ ಹಾಗೆ.

ಏಳೆಂಟು ಜನ, ಎಲ್ಲ ಗಂಡಸರು. ಎಲ್ಲರ ಕುತ್ತಿಗೆಗೂ ಮಗುವಿಗೆ ಕಟ್ಟುವ ಜೊಲ್ಲುಬಟ್ಟೆಯಂಥ ಬಟ್ಟೆ. ಸಿಗರೇಟು ಸೇದಿ ಕೆಟ್ಟವರೆಂದು ಮುಖ ನೋಡಿದರೇ ಗೊತ್ತಾಗುತ್ತದೆ. ಇವರ ಜತೆ ನಾನೇಕೆ ಕೂರಬೇಕು ಅನ್ನಿಸಿತು. ಕಲಿಸುವವರು ನಾಮ್‌ಗುಂಗ್ ಎನ್ನುವ ಮುದುಕರು. ಮೀನುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರಂತೆ. ಧ್ವನಿಪೆಟ್ಟಿಗೆ ತೆಗೆದು ಹನ್ನೆರಡು ವರ್ಷ ಆಯಿತು, ಆದರೂ ಮಾತಾಡುತ್ತಾರೆ! ಆ ಮಾತು ಹಳೆಯ ಬಾಗಿಲು ಎಳೆದ ಹಾಗೆ ಕಿರುಗುಡುತ್ತದೆ, ಆದರೆ ಮಾತೇ ಹೌದು. ಗಾಳಿಯನ್ನು ಅನ್ನದ ನಳಿಗೆಗೆ ನುಂಗಬೇಕು, ತೇಗಿ ಹೊರಗೆ ತರಬೇಕು, ಆ ತೇಗನ್ನೇ ನಾಲಗೆಯಿಂದ ತಿದ್ದಿ ಮಾತು ಮಾಡಬೇಕು. ಇಷ್ಟೇ ವಿದ್ಯೆ. ಎಲ್ಲರ ಮುಂದೆಯೂ ಒಂದೊಂದು ಲೋಟ ಸೋಡಾ ಇಟ್ಟರು.

ಗಂಡಸರೆಲ್ಲ ಶುರುಮಾಡಿದರು. ಕೆರೆಯ ದಂಡೆಯಲ್ಲಿ ಮಳೆಗಾಲದ ಕಪ್ಪೆಗಳು. ನಾನು ಬಾಯಿಗೆ ಕೈಮುಚ್ಚಿ ಕೂತೆ. ನಮ್ಮಮ್ಮ ಊಟದ ಮಣೆಯ ಮುಂದೆ ತೇಗಿದ್ದಕ್ಕೆ ಚಮಚದಿಂದ ತಲೆಗೆ ಕುಟ್ಟಿದವಳು. ನಾಮ್‌ಗುಂಗ್ ಮೇಷ್ಟ್ರು ಹತ್ತಿರ ಬಂದರು.

"ಅಮ್ಮಾ, ಇಲ್ಲಿ ಚಪ್ಪಲಿ ಜತೆ ನಾಚಿಕೆನೂ ಬಾಗ್ಲಾಚೆ ಬಿಟ್ಟು ಬರ್ಬೇಕು," ಅಂದರು. "ಹೋಗ್ತಾ ಹಾಕ್ಕೊಂಡು ಹೋಗಿ. ಯಾರೂ ಕದಿಯಲ್ಲ."

ಸೋಡಾ ಕುಡಿದೆ. ಬಿಕ್ಕಳಿಕೆ ಬಂತು. ಮನೆಗೆ ಬಂದ ಮೇಲೂ ನಿಲ್ಲಲಿಲ್ಲ.

ಏಪ್ರಿಲ್ 23, ಮಂಗಳವಾರ

ಹೋಗಲಿಲ್ಲ. ಮುದುಕ ಸ್ಟಾಪಿಗೆ ಹೋಗಿ ಒಬ್ಬನೇ ನಿಂತು ಬಂದನಂತೆ. ಕೆಳಮನೆಯವಳು ಹೇಳಿದಳು.

ಮೇ 11, ಶನಿವಾರ

ಒಕ್‌ಜಾ ಬಂದುಬಿಟ್ಟಳು. ಫೋನು ತೆಗೆಯದ್ದಕ್ಕೆ ಬೈಯಲೆಂದೇ ಮೆಟ್ಟಿಲು ಹತ್ತಿ ಬಂದವಳು, ಕೈಯಲ್ಲಿ ತನ್ನ ಹೋಟೆಲಿನ ಹಂದಿಮಾಂಸದ ಸಾರಿನ ದೊಡ್ಡ ಡಬ್ಬಿ. ಬಾಗಿಲು ತೆಗೆದೆ. ನನ್ನ ಕುತ್ತಿಗೆ ನೋಡಿದಳು. ಡಬ್ಬಿ ಹೊಸಿಲ ಮೇಲಿಟ್ಟು, ಅಲ್ಲೇ ಕೂತು, ಗಟ್ಟಿಯಾಗಿ ಅತ್ತಳು. ನಾನಿನ್ನೂ ಸತ್ತಿಲ್ಲ ಎಂದು ಮಕ್ಕಳ ಸ್ಲೇಟಿನಲ್ಲಿ ಬರೆದು ಅವಳ ಮೂಗಿನ ಮುಂದೆ ಹಿಡಿದೆ. ಓದಿ ಇನ್ನೂ ಜೋರಾಗಿ ಅತ್ತಳು.

ಅತ್ತು ಮುಗಿದ ಮೇಲೆ ಬೈದಳು. "ಲೇ, ನಿನ್ನ ಕಾಯಿಲೆ ನಂಗೆ ಗೊತ್ತಾಗ್ಬಾರ್ದಾ? ನಿನ್ನ ಬೆವರಿನ ಹಾಸಿಗೇಲಿ ಐದು ವರ್ಷ ಮಲಗಿದೀನಿ ಕಣೇ ನಾನು."

ಊಟ ಮಾಡುತ್ತ ಹಳೆಯದೆಲ್ಲ ತೆಗೆದಳು. ಚಿಲ್ಲರೆ ಕದ್ದಿದ್ದೀರೇನೋ ಎಂದು ಪಾಳಿ ಮುಗಿದ ಮೇಲೆ ನಮ್ಮ ಮೈ ತಡಕುತ್ತಿದ್ದರಲ್ಲ, ಆ ಕೋಣೆ. ಒಂದು ಚಳಿಗಾಲ ಮೇಲ್ವಿಚಾರಕಿ ಒಳಬಟ್ಟೆಯನ್ನೂ ಬಿಚ್ಚಿ ಅಂದಾಗ ಸಾಲಿನಲ್ಲಿ ನಿಂತಿದ್ದವರಲ್ಲಿ ಯಾರೋ "ಬಿಚ್ಚಲ್ಲ!" ಎಂದು ಕೂಗಿದ್ದು. ಆಮೇಲೆ ಎಲ್ಲರೂ ಕೂಗಿದ್ದು, ಮಾರನೆಯ ಬೆಳಗ್ಗೆ ಒಂದು ಬಸ್ಸೂ ಹೊರಡದೇ ಇದ್ದದ್ದು. ಮೊದಲು ಕೂಗಿದ್ದು ನೀನು ಅಂದಳು ಒಕ್‌ಜಾ. ನಾನು ಸ್ಲೇಟಿನಲ್ಲಿ "ನೀನು" ಎಂದು ಬರೆದೆ. ಇಷ್ಟು ವರ್ಷ ನಾನು ಹಾಗೆಯೇ ತಿಳಿದಿದ್ದೇನೆ.

"ನಾನಾ? ನಾನು ಹೆದ್ರಿ ಉಚ್ಚೆ ಹೊಯ್ಕೊಳ್ಳೋದೊಂದು ಬಾಕಿ ಇತ್ತು," ಅಂದಳು. "ಅದು ನಿಂದೇ ದನಿ. ಕಿಟಕಿ ಗಾಜು ಝುಂ ಅಂದಿತ್ತು."

ಅವಳು ಹೋದ ಮೇಲೆ ಆ ಕೋಣೆಯನ್ನು ಮನಸ್ಸಿನಲ್ಲಿ ಸುತ್ತಿ ಸುತ್ತಿ ನೋಡಿದೆ. ಕಲ್ಲಿದ್ದಲ ಒಲೆಯ ಬಿಸಿ, ಸಾಲಾಗಿ ಬಿಟ್ಟಿದ್ದ ಬೂಟುಗಳು, ನೀಲಿ ಟೋಪಿಗಳು, ಎಲ್ಲ ಕಾಣುತ್ತದೆ. ಕೂಗು ಮಾತ್ರ ಯಾರದೆಂದು ಕೇಳಿಸುವುದಿಲ್ಲ.

ಮೇ 30, ಗುರುವಾರ

ಮೂರು ಮಂಗಳವಾರ ತಪ್ಪಿಸಿಲ್ಲ. ತೇಗು ಬರುತ್ತದೆ, ಬೇಡವಾದಾಗ. ಬೇಕಾದಾಗ ಬರುವುದಿಲ್ಲ.

ಜೂನ್ 18, ಮಂಗಳವಾರ

"ಪ" ಅಂದೆ!

ಇನ್ನೇನು ಎದ್ದು ಹೊರಡುವುದರಲ್ಲಿದ್ದೆ. ಕೊನೆಯ ಗುಟುಕು ಸೋಡಾ, ಏನೂ ಆಸೆಯಿರಲಿಲ್ಲ, ತುಟಿ ಬಿಟ್ಟೆ, "ಪ". ಕಪ್ಪೆಯೂ ಮೆಚ್ಚದ ದನಿ. ಎಲ್ಲರೂ ತಿರುಗಿದರು. ಇನ್ನೊಮ್ಮೆ ಅನ್ನಿ ಎಂದು ಮೇಷ್ಟ್ರು ಕೈಸನ್ನೆ ಮಾಡಿದರು. "ಪ." ಉಳಿದವರು ಕಾಲಿನಿಂದ ನೆಲ ಬಡಿದು ಗಲಾಟೆ ಎಬ್ಬಿಸಿದರು. ಪಕ್ಕದಲ್ಲಿ ಕೂರುವ ಪ್ಯೊನ್ ಅನ್ನುವವರು, ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ದೈತ್ಯ ಮನುಷ್ಯ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಅವರು ನನಗಿಂತ ಮೊದಲು ಸೇರಿದವರು. ಅವರಿಗಿನ್ನೂ "ಪ" ಬಂದಿಲ್ಲ.

ಆಮೇಲೆ ಮೇಷ್ಟ್ರು, ಹಿಂದೆ ಒಮ್ಮೆ ಹರಾಜಿನಲ್ಲಿ ತಾವು ಸೀನಿದ್ದನ್ನೇ ಬೆಲೆಯೆಂದು ತಿಳಿದು ಒಬ್ಬ ಇಡೀ ದೋಣಿಯ ಮೀನು ಕೊಂಡುಕೊಂಡ ಕಥೆ ಹೇಳಿದರು. ನಾವೆಲ್ಲ ನಕ್ಕೆವು. ನಮ್ಮ ನಗುವಿಗೆ ಸದ್ದಿಲ್ಲ. ಭುಜಗಳು ಕುಣಿಯುತ್ತವೆ, ಕಣ್ಣಲ್ಲಿ ನೀರು, ಕುತ್ತಿಗೆಯ ಬಟ್ಟೆಗಳು ಪಟಪಟ ಹಾರುತ್ತವೆ. ಹೊರಗಿನಿಂದ ನೋಡಿದವರು ಏನಂದುಕೊಂಡಾರು!

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಸ್ಟಾಪಿನಿಂದ ಸ್ಟಾಪಿಗೆ "ಪ" ಅನ್ನುತ್ತ ಬಂದೆ. ಪಕ್ಕದ ಹುಡುಗಿ ಎದ್ದು ಬೇರೆ ಸೀಟಿಗೆ ಹೋದಳು. ಹೋಗಲಿ. ಜಾಗ ಅಗಲವಾಯಿತು.

ಜುಲೈ 7, ಭಾನುವಾರ

ಮಧ್ಯಾಹ್ನ ಬಚ್ಚಲಿನಿಂದ ವಿಚಿತ್ರ ಸದ್ದು. ಮುದುಕನಿಗೆ ವಾಂತಿಯಾಗುತ್ತಿದೆಯೇನೋ ಎಂದು ಹೆದರಿ ಬಾಗಿಲು ತಳ್ಳಿದೆ. ಬಟ್ಟೆ ಒಗೆಯುವ ಮಣೆಯ ಮೇಲೆ ಕೂತಿದ್ದಾನೆ, ಕಾಲ ಸಂದಿಯಲ್ಲಿ ಸೋಡಾ ಬಾಟಲಿ, ಗದ್ದ ಮೇಲೆತ್ತಿ ಗಾಳಿ ನುಂಗುತ್ತಿದ್ದಾನೆ. ತೊಡೆಯ ಮೇಲೆ ಮೇಷ್ಟ್ರು ಕೊಟ್ಟ ಪಾಠದ ಹಾಳೆ. ನನ್ನನ್ನು ಕಂಡು ನಡುವೆಯೇ ತೇಗಿದ. "ಪಾ" ಅಂತಲೇ ಬಂತು, ಸ್ಪಷ್ಟವಾಗಿ, ನನಗಿಂತ ಚೆನ್ನಾಗಿ. ಹೊಟ್ಟೆ ಉರಿಯಿತು.

"ಹೆಂಗೆ ನುಂಗೋದು ಅಂತ ನೋಡ್ತಿದ್ದೆ," ಅಂದ. "ನಂಗೆ ಬಂದ್ರೆ ನಿಂಗೆ ಹೇಳ್ಕೊಡ್ಬೋದಲ್ಲ ಅಂತ." ಒಂದು ತಿಂಗಳಿಂದ ಮಾಡುತ್ತಿದ್ದಾನಂತೆ. ಎದೆಯುರಿ ಅಂತ ಔಷಧಿ ಅಂಗಡಿಗೆ ಓಡುತ್ತಿದ್ದುದು ಇದಕ್ಕೆ.

ಸ್ಲೇಟು ತಂದು ಬರೆದೆ: ನಿಮಗೆ ಗಂಟಲಿದೆ. ಅದರಲ್ಲಿ ಮಾತಾಡಿ.

ಕನ್ನಡಕ ಹಾಕಿಕೊಂಡು ಓದಿದ, ಎರಡು ಸಲ ಓದಿದ. ಆಮೇಲೆ ಅಡುಗೆಮನೆಗೆ ಬಂದು, ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಕಡೆ ನೆಲದ ಮೇಲೆ ಕೂತು, ಮಾತಾಡಿದ. ಹೊರಗೆ ಮಳೆ. ನಲವತ್ತು ವರ್ಷದಲ್ಲಿ ಈ ಮನುಷ್ಯ ಇಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನೇ ಎರಡಾಳಿನ ಮಾತಾಡುತ್ತಿದ್ದೆನಲ್ಲ, ಬಿಡುವೆಲ್ಲಿ ಸಿಗಬೇಕು.

ನನ್ನ ಬಸ್ಸಿಗೆ ಬಂದ ಮೊದಲ ತಿಂಗಳುಗಳಲ್ಲಿ ನನ್ನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲವಂತೆ. ಡ್ರೈವರನ ಕಣ್ಣು ರಸ್ತೆಯ ಮೇಲೆ, ಹಿಂದೆ ಜನರ ಗೋಡೆ, ಅದರಾಚೆ ಬಾಗಿಲಲ್ಲಿ ನಾನು. ಬರುತ್ತಿದ್ದುದು ದನಿ ಮಾತ್ರ. "ಓರಾಯ್ ಅನ್ನೋದ್ರಲ್ಲೇ ಗೊತ್ತಾಗೋದು, ನೀನು ತಿಂಡಿ ತಿಂದಿದೀಯಾ, ಜ್ವರ ಬಂದಿದೆಯಾ, ಯಾರಾದ್ರೂ ಕುಡುಕ ಕೈಹಾಕಿದ್ನಾ. ಕುಡುಕ ಅಂತ ಅನ್ಸಿದ್ರೆ ಬೇಕಂತ ಬ್ರೇಕ್ ಹಾಕ್ತಿದ್ದೆ, ಬೀಳ್ಲಿ ನನ್ಮಗ ಅಂತ." ತನ್ನನ್ನು ಬೇರೆ ಬಸ್ಸಿಗೆ ಹಾಕಿದಾಗ ಹೊಸ ಹುಡುಗಿಯ ದನಿಗೆ ಕೈಕಾಲು ಹೊಂದಲಿಲ್ಲ, ಗೇರು ತಪ್ಪುತ್ತಿತ್ತು, ಅದಕ್ಕೇ ಮದುವೆ ಕೇಳಿದ್ದು ಅಂದ. ಮದುವೆಯ ಕಾರಣ ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಗೇರು ತಪ್ಪಿದ್ದು!

ಆ ತಡಕುವ ಕೋಣೆಯ ವಿಷಯ ಬರೆದು ಕೇಳಿದೆ. ಗೋಡೆಯಾಚೆ ಡ್ರೈವರುಗಳ ಕೋಣೆ ತಾನೇ. ಯಾರು ಮೊದಲು ಕೂಗಿದ್ದು?

"ನೀನೇ. ನಿನ್ನ ದನಿ ನಂಗೆ ಗೊತ್ತಾಗಲ್ವಾ?"

ಹುರುಳಿಕಾಯಿ ಮುಗಿದವು. ಅವರು ಇನ್ನೂ ಕೂತೇ ಇದ್ದರು.

ಆಗಸ್ಟ್ 20, ಮಂಗಳವಾರ

ಬಿಸಿಲು ಹೆಂಚು ಕಾಯಿಸುತ್ತಿದೆ. ಕೂಟದಿಂದ ಬಂದು ಕಲ್ಲಂಗಡಿ ಹೆಚ್ಚುತ್ತಿದ್ದೆ. ಈಗ ಎರಡು ಮೂರು ಪದ ಒಟ್ಟಿಗೆ ಬರುತ್ತವೆ. "ನೀರು ಕೊಡಿ", "ಬಾಗಿಲು ಹಾಕಿ". ಇವರು ಪೇಪರು ಓದುತ್ತ ಕೂತಿದ್ದರು. ಯಾವ ಮುನ್ಸೂಚನೆಯೂ ಇರಲಿಲ್ಲ. ಗಾಳಿ ನುಂಗಿದೆ, ಬಂತು.

"ಸಿಗ್ರೇಟು... ನಿಮ್ದು."

ಇವರು ಪೇಪರು ಇಳಿಸಿದರು. ಇನ್ನೊಮ್ಮೆ ನುಂಗಿದೆ.

"ಗಂಟ್ಲು... ನಂದು."

ಹೇಳಿದ ಮೇಲೆ ಚಾಕು ಕೆಳಗಿಟ್ಟೆ. ಇವರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

"ಹೌದು," ಅಂದರು. "ನೀನು ಅದನ್ನ ಹೇಳ್ಲಿ ಅಂತ ಕಾಯ್ತಿದ್ದೆ. ಚಳಿಗಾಲದಿಂದ ಕಾಯ್ತಿದೀನಿ."

ಡಾಕ್ಟರನ್ನು ಮೊದಲೇ ಕೇಳಿದ್ದರಂತೆ, ತಮ್ಮಿಂದಲೇ ಬಂತಾ ಎಂದು. ಒಬ್ಬರಿಗೆ ಯಾಕೆ ಬಂತೆಂದು ಹಾಗೆ ಖಚಿತ ಹೇಳಲಾಗದು ಅಂದರಂತೆ. "ಅವ್ರು ಹೇಳಕ್ಕಾಗಲ್ಲ ಅಂದ್ರು ಅಂತ ನಾನು ಬಚಾವಾಗ್ಲಾ? ನಿನ್ನ ಹತ್ರ ತಪ್ಪಾಯ್ತು ಅನ್ನೋಕೆ ಬಾಯಿ ಬರ್ಲಿಲ್ಲ ಮಿರ್ಯಂಗ್ ಅಮ್ಮ. ಬಾಯಿ ಇರೋನಿಗೇ ಬರ್ಲಿಲ್ಲ." ಮಗಳ ಹೆಸರು ಹಿಡಿದು ಹಾಗೆ ಕರೆಯುವುದು ಮಾಮೂಲು. ಆದರೆ ಮಾತು ಮುಗಿಯುವ ಹೊತ್ತಿಗೆ ಇವರ ದನಿ ಒಡೆದಿತ್ತು.

ಕೋಪ ಹೋಯಿತೇ? ಪೂರ್ತಿ ಇಲ್ಲ. ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಒಳಗಿದ್ದಾಗ ಅದಕ್ಕೆ ಒಂದೇ ಮುಖ ಇತ್ತು, ಹೊರಗೆ ಬಂದಮೇಲೆ ಸುತ್ತ ಬೇರೆಯವೂ ಕಂಡವು. ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಾಗ, ಹಿಮ ಬೀಳುತ್ತಿರುವಾಗ, ಕಿಟಕಿಯೆಲ್ಲ ಮುಚ್ಚಿ ಇವರು ಸಿಗರೇಟು ಹಚ್ಚುತ್ತಿದ್ದರು. ನಾನು ಎಂಜಿನಿನ ಮುಚ್ಚಳದ ಮೇಲೆ ಕೈ ಕಾಯಿಸುತ್ತ ಕೂರುತ್ತಿದ್ದೆ. ಇಡೀ ದಿನದಲ್ಲಿ ಕೂರಲು ಸಿಗುತ್ತಿದ್ದ ಸಮಯ ಅದೊಂದೇ. ಆ ಹೊಗೆಯ ವಾಸನೆ ನನಗೆ ಇಷ್ಟವಾಗಿತ್ತು. ಈಗ ಯಾವ ವಾಸನೆಯೂ ತಿಳಿಯದ ಈ ಮೂಗಿಗೆ ಅದು ನೆನಪಿದೆ.

ಕಲ್ಲಂಗಡಿ ತಿಂದೆವು. ಇವರು ಬೀಜವನ್ನೆಲ್ಲ ತೆಗೆದು ನನ್ನ ಕಡೆ ತಳ್ಳಿದರು. ತಿಂದೆ.

ಅಕ್ಟೋಬರ್ 8, ಮಂಗಳವಾರ

ತಪಾಸಣೆ ಆಯಿತು. ಸದ್ಯಕ್ಕೆ ಎಲ್ಲೂ ಏನೂ ಇಲ್ಲ. ಡಾಕ್ಟರು ಮುಂದಿನ ಸಲದ ದಿನ ಬರೆದುಕೊಟ್ಟರು.

ಪ್ಯೊನ್ ಅವರಿಗೆ ಮಾತ್ರ ಮತ್ತೆ ಬಂದಿದೆ, ಶ್ವಾಸಕೋಶಕ್ಕೆ. ಕೂಟದಲ್ಲಿ ಅವರ ಕುರ್ಚಿ ಖಾಲಿ. ಯಾರೂ ಅತ್ತ ನೋಡುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಕೂಟ ಮುಗಿದ ಮೇಲೆ ಒಕ್‌ಜಾಳ ಹೋಟೆಲಿಗೆ ಹೋಗಿ ಸಾರು ಕಟ್ಟಿಸಿಕೊಂಡು ಅವರ ಮನೆ ಹುಡುಕಿದೆ. ಆ ದೈತ್ಯ ಮನುಷ್ಯ ಕಂಬಳಿಯೊಳಗೆ ಇಷ್ಟೇ ಇಷ್ಟಾಗಿದ್ದಾರೆ. ಸಾರು ಬಿಸಿಯಿತ್ತು. ಹೆಂಡತಿ ಊದಲು ಹೋದಳು. ತಾಳಿ ಎಂದು ಬೀಸಣಿಗೆ ಕೇಳಿ ತೆಗೆದುಕೊಂಡು ಬಟ್ಟಲಿಗೆ ಬೀಸಿದೆ. ಹಿಂದಿನ ವಾರ ಕೂಟದಲ್ಲಿ ಆದದ್ದನ್ನೆಲ್ಲ ತೇಗಿ ತೇಗಿ ಹೇಳಿದೆ. ಅವರ ಭುಜ ಅಲುಗಿತು. ಹೊರಡುವಾಗ ಸ್ಲೇಟಿನಲ್ಲಿ "ನಿಮ್ಮ ದನಿ ಕೆಟ್ಟದಾಗಿದೆ, ನಾಳೆಯೂ ಬನ್ನಿ" ಎಂದು ಬರೆದು ತೋರಿಸಿದರು.

ನಾಳೆ ಹೋಗಬೇಕು. ಮೂಲಂಗಿ ಉಪ್ಪಿನಕಾಯಿ ಇಷ್ಟವಂತೆ.

ನವೆಂಬರ್ 12, ಮಂಗಳವಾರ

ಕೂಟ ಮುಗಿಯುತ್ತಿದ್ದಂತೆ ಮೇಷ್ಟ್ರು ಕರೆದರು. ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ನಾಳೆ ಬೆಳಗ್ಗೆ ಧ್ವನಿಪೆಟ್ಟಿಗೆ ತೆಗೆಯುತ್ತಾರಂತೆ. ಆಕೆ ಸಹಿ ಹಾಕಿದ್ದಾಳೆ, ಆದರೆ ನಿನ್ನೆಯಿಂದ ಊಟ ಮುಟ್ಟಿಲ್ಲ, ಯಾರ ಜತೆಗೂ ಮಾತಿಲ್ಲ. ತಾವು ಹೋಗಿದ್ದಕ್ಕೆ, ಗಂಡಸಿನ ದನಿ ಕೇಳಿ ನಾನೇನು ಮಾಡಲಿ ಎಂದು ಗೋಡೆಗೆ ತಿರುಗಿದಳಂತೆ. ನೀವು ಹೋಗಿ ಅಂದರು. ಇವರೂ ಜತೆಗೆ ಬಂದು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತರು.

ಯಮ್ ಬೊಂಗ್‌ಹಿ ಅಂತ ಹೆಸರು. ಐವತ್ತು ದಾಟಿರಬೇಕು, ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದಾಳೆ. ನಾನು ಕುತ್ತಿಗೆಯ ಬಟ್ಟೆ ಸರಿಸಿ ತೂತು ತೋರಿಸಿದೆ. ಆಕೆ ನೋಡಿದಳು. ಹೆಸರು ಹೇಳಿದೆ, ಇದೇ ಆಸ್ಪತ್ರೆ, ಇದೇ ಮಹಡಿ ಅಂದೆ. ಆಕೆಯ ಮುಖ ಇಳಿದದ್ದು ಕಾಣಿಸಿತು.

"ಗಂಡಸಿನ ಹಾಗೇ ಇದೆ," ಅಂದಳು. ಆಕೆಯ ದನಿ ಒಡಕು, ಪಿಸುಗುಟ್ಟಿದ ಹಾಗಿತ್ತು.

"ಹೌದು. ಫೋನಲ್ಲಿ... ಯಜಮಾನ್ರೇ... ಅಂತಾರೆ."

ಅಷ್ಟಕ್ಕೆ ಅವಳ ತುಟಿ ಸ್ವಲ್ಪ ಸಡಿಲವಾಯಿತು. ಹಾಸಿಗೆಯ ಅಂಚಿನಲ್ಲಿ ಜಾಗ ಬಿಟ್ಟಳು. ಕೂತೆ. ನೋವಾಗುತ್ತದೆಯೇ, ಮಲಗುವುದು ಹೇಗೆ, ಸ್ನಾನ ಹೇಗೆ ಎಂದೆಲ್ಲ ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಚೆನ್ನಾಗಿರುತ್ತದೆ ಎನ್ನಲಿಲ್ಲ. ಮೊದಲ ತಿಂಗಳುಗಳಲ್ಲಿ ಸಾಯಬೇಕೆನ್ನಿಸಬಹುದು, ಅನ್ನಿಸಿದರೆ ಯಾರಿಗಾದರೂ ತಿಳಿಸು, ಬರೆದಾದರೂ ತೋರಿಸು, ನಾನು ತೋರಿಸಿದೆ ಅಂದೆ. ಆಮೇಲೆ ಅವಳು ಕೇಳಿದಳು:

"ನಿಮ್ಮ ಸ್ವಂತ ದನೀಲಿ ಕೊನೇದಾಗಿ ಏನ್ ಮಾತಾಡಿದ್ರಿ?"

ಯಾರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಯೋಚಿಸಿದೆ. ಆಪರೇಷನ್ನಿಗೆ ತಳ್ಳಿಕೊಂಡು ಹೋಗುವ ಮುಂಚೆ, ದಾದಿಯ ಹತ್ತಿರ. ಕಾಲು ಚಳಿ, ಕಾಲುಚೀಲ ಹಾಕಿಕೊಂಡೇ ಇರಲೇ ಎಂದು ಕೇಳಿದ್ದೆ. ಬೇಡ ಅಂದಳು. ಅಷ್ಟೇ. ಇವರು ಆಗಲೂ ಹೊರಗೆ ಇಂಥದ್ದೇ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಕರೆಯಬಹುದಿತ್ತು. ಎಂಥ ದನಿ, ಬಂದರಿಗೆ ಕೇಳಿಸುತ್ತಿದ್ದ ದನಿ, ಕಾಲುಚೀಲಕ್ಕೆ ಮುಗಿಯಿತು.

"ಕಾಲುಚೀಲ," ಅಂದೆ.

ಆಕೆ ನನ್ನನ್ನು ದಿಟ್ಟಿಸಿದಳು. ಆಮೇಲೆ ನಕ್ಕಳು. ನಗು ಬೇಗ ಅಳುವಾಯಿತು. ಕೈ ಹಿಡಿದುಕೊಂಡು ಕೂತೆ.

"ಇವತ್ತು... ಮಾತಾಡು," ಅಂದೆ. "ಇನ್ನೂ ಹೊತ್ತಿದೆ."

"ಯಾರ ಹತ್ರ?"

"ಯಾರ ಹತ್ರ... ಮಾತು ಬಾಕಿ ಇದೆಯೋ."

ಉಲ್ಸಾನಿನಲ್ಲಿ ಒಬ್ಬಳು ಅಕ್ಕ ಇದ್ದಾಳೆ, ತಾಯಿಯ ತಿಥಿಯಲ್ಲಿ ಜಗಳವಾಗಿ ಮಾತು ಬಿಟ್ಟಿದ್ದೇವೆ ಅಂದಳು. ಅವಳೇ ಮೊದಲು ಫೋನು ಮಾಡಲಿ ಎಂದು ಕಾದೆ, ಈ ಕಾಯಿಲೆಯನ್ನೂ ತಿಳಿಸಿಲ್ಲ ಅಂದಳು. ಮೇಜಿನ ಮೇಲಿದ್ದ ಫೋನು ತೆಗೆದು ಅವಳ ಕೈಯಲ್ಲಿಟ್ಟು, ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಬೆಂಚಿನಲ್ಲಿ ಇವರ ಪಕ್ಕ ಕೂತೆ. ಒಳಗಿನದು ಕೇಳಿಸುತ್ತಿತ್ತು. ಮೊದಲು ಬಹಳ ಹೊತ್ತು ಅಳು. ಆಮೇಲೆ "ಅಲ್ಲ, ನೀನು ಕೇಳು ಮೊದ್ಲು" ಎಂದು ದಬಾಯಿಸಿದ್ದು. ಆಮೇಲೆ ತಾಯಿಯ ಸೋಯಾ ಸಾಸಿನ ಜಾಡಿ ಯಾರು ಒಡೆದದ್ದು ಅನ್ನುವ ವಾದ. ಎಲ್ಲವೂ ಆ ಒಡಕು, ಸಣ್ಣ ದನಿಯಲ್ಲಿ. ಆದರೆ ಹೆಂಗಸಿನ ದನಿ, ಅವಳ ಸ್ವಂತ ದನಿ. ಇವರು ತಲೆ ತಗ್ಗಿಸಿ ಕೇಳುತ್ತಿದ್ದರು, ಬಸ್ಸು ನಡೆಸುವಾಗ ಹಿಂದಿನ ದನಿಗೆ ಕಿವಿಗೊಡುತ್ತಿದ್ದದ್ದೂ ಹೀಗೆಯೇ ಇರಬೇಕು. ನನ್ನ ಕೈ ತೆಗೆದುಕೊಂಡು ತಮ್ಮ ಜೇಬಿನೊಳಗಿಟ್ಟುಕೊಂಡರು. ಒಳಗೆ ಅಕ್ಕತಂಗಿಯರು ಚಿಕ್ಕಂದಿನ ಯಾವುದೋ ನಾಯಿಯ ಸುದ್ದಿಗೆ ಬಂದಿದ್ದರು; ಬೊಂಗ್‌ಹಿ ನಗುತ್ತಿದ್ದಳು.

ಸಂಜೆಯ ಊಟದ ಗಾಡಿ ಬಂತು. ದಾದಿ ತಟ್ಟೆ ತೆಗೆದುಕೊಂಡು ಬಾಗಿಲು ತಟ್ಟಲು ಹೋದಳು. ಎದ್ದು ಅಡ್ಡ ನಿಂತೆ.

"ಆಮೇಲೆ ಬನ್ನಿ," ಅಂದೆ. "ಇನ್ನೂ ಮುಗ್ದಿಲ್ಲ."

ನನ್ನ ದನಿ ಕೇಳಿ ಅವಳು ಒಮ್ಮೆ ಬೆಚ್ಚಿ ನೋಡಿದಳು. ಬಾಗಿಲ ಹಿಂದಿನ ಮಾತಿಗೆ ಒಂದು ಗಳಿಗೆ ಕಿವಿಗೊಟ್ಟಳು. ಗಾಡಿ ಮುಂದಿನ ಕೋಣೆಗೆ ಹೋಯಿತು.